ಹಳೆ ಹಾರ್ಡ್ ಡಿಸ್ಕ್ ಮಾರೋಕೆ ಮುಂಚಿನ ಒಂದು ರಾತ್ರಿ

ನಮಸ್ಕಾರ. ಮನೆಯ ನ್ಯಾಸ್ (ಹಲವು ಡಿಸ್ಕ್ ಹಾಕಿ ನೆಟ್‌ವರ್ಕಲ್ಲಿ ಫೈಲ್ ಇಡೋ) ಪೆಟ್ಟಿಗೆಯಲ್ಲಿ 4 ಟಿಬಿಯ ನಾಲ್ಕು ಡಿಸ್ಕ್ ಇತ್ತು, ಜಾಗ ಸಾಲದೆ 12 ಟಿಬಿಯವು ತಂದಿರಿ ಅಂತ ಇಟ್ಕೊಳ್ಳಿ. ಹಳೆ ನಾಲ್ಕು ಈಗ ಮೇಜಿನ ಮೇಲೆ ಕೂತಿವೆ. ಇನ್ನೂ ಚೆನ್ನಾಗೇ ಓಡ್ತವೆ, ಬಿಸಾಕೋಕೆ ಮನಸ್ಸು ಬರಲ್ಲ. ಫೋಟೋ ತೆಗೆದು ಆನ್‌ಲೈನಲ್ಲಿ ಹಾಕಿದ್ರೆ ಅಥವಾ ಬೆಂಗಳೂರಿನ ಎಸ್‌ಪಿ ರೋಡಿಗೆ ತಗೊಂಡು ಹೋದ್ರೆ ಒಂದಿಷ್ಟು ದುಡ್ಡು ಬರುತ್ತೆ.

ಮಾರಿ. ಮಾರಬೇಡಿ ಅಂತ ನಾನು ಹೇಳಲ್ಲ. ಆದರೆ ಪ್ರತಿ ಡಿಸ್ಕಿಗೂ ಒಂದು ರಾತ್ರಿ ಪೂರ್ತಿ ಕೊಡದೆ ಮಾರಬೇಡಿ. ಆ ರಾತ್ರಿ ಮಾಡೋ ಕೆಲಸ ಒಂದೇ: ಡಿಸ್ಕಿನ ಮೊದಲ ಸೆಕ್ಟರ್‌ನಿಂದ (ಡೇಟಾ ಕೂರೋ ಪುಟ್ಟ ಖಾನೆ) ಕೊನೆಯ ಸೆಕ್ಟರ್‌ವರೆಗೆ ಸೊನ್ನೆ ಬರೆಯೋದು. ಅದರಿಂದ ನಿಮ್ಮ ಡೇಟಾ ಹೋಗುತ್ತೆ. ಜೊತೆಗೆ, ಡಿಸ್ಕಿನಲ್ಲಿ ಎಲ್ಲಾದರೂ ಹುಳುಕಿದ್ದರೆ ಆಗಲೇ ಹೊರಗೆ ಬರುತ್ತೆ. ಮಾರೋರಿಗೂ ಕೊಳ್ಳೋರಿಗೂ ಒಂದೇ ಕೆಲಸದಲ್ಲಿ ರಕ್ಷಣೆ.

ಅಳಿಸೋಕೆ ಮುಂಚೆ ಒಂದು ಮಾತು, ಯಾಕಂದ್ರೆ ಇಲ್ಲಿ ತುಂಬಾ ಜನ ಎಡವ್ತಾರೆ. ರೈಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯೋ ಹಾಗೆ ಎಲ್ಲಾ ಡಿಸ್ಕಿಗೂ ಹಂಚಿಡೋ ಕ್ರಮ) ಇರೋ ಪೆಟ್ಟಿಗೆಯಲ್ಲಿ ಒಂದೊಂದೇ ಡಿಸ್ಕ್ ತೆಗೆದು, ಹೊಸದು ಹಾಕಿ, ರೀಬಿಲ್ಡ್ (ಹೊಸದಕ್ಕೆ ಡೇಟಾ ತುಂಬೋದು) ಮುಗಿದ ಮೇಲೆ ಮುಂದಿನದಕ್ಕೆ ಕೈ ಹಾಕ್ತೀವಿ. ಕೊನೆಗೆ ಹಳೆ ನಾಲ್ಕೂ ಕೈಯಲ್ಲಿವೆ, ಇದೇ ಒಂದು ಬ್ಯಾಕಪ್ ಆಯ್ತು ಅಂದ್ಕೊಳ್ತೀವಿ. ಆಗಲ್ಲ. ಮೊದಲನೇ ಡಿಸ್ಕ್ ಸೋಮವಾರ ಹೊರಗೆ ಬಂತು, ನಾಲ್ಕನೇದು ಗುರುವಾರ. ನಡುವೆ ಪೆಟ್ಟಿಗೆ ಬರೀತಾನೇ ಇತ್ತು. ನಾಲ್ಕರಲ್ಲೂ ಇರೋದು ಬೇರೆ ಬೇರೆ ದಿನದ ಸ್ಥಿತಿ, ಅವನ್ನ ಸೇರಿಸಿದ್ರೆ ಸರಿಯಾದ ಸೆಟ್ ಆಗಲ್ಲ. ಹಳೇದು ಬ್ಯಾಕಪ್ ಆಗಿ ಉಳೀಬೇಕು ಅಂದ್ರೆ ಹೊಸ ಡಿಸ್ಕುಗಳನ್ನ ಬೇರೆ ಕಡೆ ಜೋಡಿಸಿ, ಡೇಟಾ ಕಾಪಿ ಮಾಡಿ, ಪೆಟ್ಟಿಗೆ ಆಫ್ ಮಾಡಿ ನಾಲ್ಕನ್ನೂ ಒಟ್ಟಿಗೆ ತೆಗೀಬೇಕು. ಹೇಗೆ ಮಾಡಿದ್ರೂ, ಹೊಸ ಸೆಟ್ ಮೇಲೆ ಒಂದು ಪೂರ್ತಿ ಸ್ಕ್ರಬ್ (ಎಲ್ಲಾ ಡೇಟಾ ಓದಿ ಪರೀಕ್ಷಿಸೋದು) ತಪ್ಪಿಲ್ಲದೆ ಮುಗಿದು, ಬೇರೆ ಕಡೆ ಇರೋ ಬ್ಯಾಕಪ್‌ನಿಂದ ನಾಲ್ಕಾರು ಫೈಲ್ ತೆರೆದು ನೋಡೋತನಕ ಹಳೇದನ್ನ ಅಳಿಸಬೇಡಿ.

ಈಗ ಅಳಿಸೋ ವಿಷಯ. ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಡೇಟಾ ಹೋಗಲ್ಲ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗಲ್ವಲ್ಲ, ಹಾಗೆ. 2003ರಲ್ಲಿ ಎಂಐಟಿಯ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. ಹಳೆ ಡಿಸ್ಕ್ 158 ಕೊಂಡಿದ್ರು, ಅದರಲ್ಲಿ ಓದೋಕೆ ಆಗಿದ್ದು 129. ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್ ಸಿಕ್ಕವು. ಅವುಗಳಲ್ಲಿ ಎಷ್ಟೋ ಡಿಸ್ಕುಗಳನ್ನ ಫಾರ್ಮ್ಯಾಟ್ ಮಾಡಿಯೇ ಕೊಟ್ಟಿದ್ರು.

ರೈಡ್‌ನಿಂದ ತೆಗೆದ ಒಂಟಿ ಡಿಸ್ಕ್ ಯಾರಿಗೂ ಅರ್ಥ ಆಗಲ್ಲ ಅನ್ನೋದೂ ತಪ್ಪು. ಮಿರರ್ (ಎರಡು ಡಿಸ್ಕಲ್ಲೂ ಒಂದೇ ಪ್ರತಿ) ಆಗಿದ್ರೆ ಒಂದು ಡಿಸ್ಕಲ್ಲೇ ಎಲ್ಲಾ ಇರುತ್ತೆ. ರೈಡ್ 5 ಆದರೂ ಡೇಟಾ ಹಂಚೋದು ತುಂಡು ತುಂಡಾಗಿ, ಒಂದೊಂದು ತುಂಡು ಸಾಮಾನ್ಯವಾಗಿ 64 ಕೆಬಿ ಅಥವಾ 512 ಕೆಬಿ. ಮೊಬೈಲಲ್ಲಿ ತೆಗೆದು ವಾಟ್ಸಾಪಲ್ಲಿ ಕಳಿಸಿದ ಆಧಾರ್ ಕಾರ್ಡಿನ ಚಿತ್ರ ಎಷ್ಟಿರುತ್ತೆ? ಹೆಚ್ಚಿನ ಸಲ ನೂರಿನ್ನೂರು ಕೆಬಿ. 512 ಕೆಬಿಯ ಒಂದೇ ತುಂಡಿನಲ್ಲಿ ಇಡೀ ಕಾರ್ಡ್ ಕೂರಬಹುದು. ಆ ಚಿತ್ರ ನಿಮ್ಮದೇ ಆಗಿರಬೇಕಿಲ್ಲ, ಅತ್ತೆಯದೋ ಬಾಡಿಗೆಯವರದೋ ಇರಬಹುದು. ಮನೆಯಿಂದಲೇ ಲೆಕ್ಕಪತ್ರ ನೋಡೋರು, ಮದುವೆ ಫೋಟೋ ತೆಗೆಯೋರು ಆಗಿದ್ರೆ ನೂರಾರು ಜನರದು.

ಮಾಡೋದು ಹೀಗೆ. ಕಂಪ್ಯೂಟರ್ ಆಫ್ ಮಾಡಿ, ಉಳಿದ ಡೇಟಾ ಡಿಸ್ಕುಗಳ ಕೇಬಲ್ ಕಿತ್ತುಬಿಡಿ. ಅಳಿಸೋ ಡಿಸ್ಕ್ ಮಾತ್ರ ಹಾಕಿ, ಪರದೆ ಮೇಲಿನ ಸೀರಿಯಲ್ ನಂಬರ್ ಡಿಸ್ಕಿನ ಲೇಬಲ್ ಜೊತೆ ಹೋಲಿಸಿ. ಲಿನಕ್ಸಲ್ಲಿ ಒಮ್ಮೆ ಎಸ್‌ಡಿಬಿ ಅನ್ನೋ ಹೆಸರಲ್ಲಿದ್ದ ಡಿಸ್ಕ್ ಮತ್ತೆ ಆನ್ ಮಾಡಿದಾಗ ಎಸ್‌ಡಿಸಿ ಆಗಬಹುದು. ಹೊಸ 12 ಟಿಬಿಯನ್ನೇ ಅಳಿಸಿಕೊಂಡೋರು ಮೋಸ ಹೋಗೋದು ಅಲ್ಲೇ. ವಿಂಡೋಸಲ್ಲಿ ಅದರ ಜೊತೆಗೇ ಬರೋ ಡಿಸ್ಕ್‌ಪಾರ್ಟ್ ತೆರೆದು, ಡಿಸ್ಕ್ ಆಯ್ದುಕೊಂಡು, 'ಕ್ಲೀನ್ ಆಲ್' ಕೊಡಿ. ಬರೀ 'ಕ್ಲೀನ್' ಅಂದ್ರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗುತ್ತೆ, 'ಆಲ್' ಸೇರಿಸಿದ್ರೆ ಇಡೀ ಡಿಸ್ಕಿಗೆ ಸೊನ್ನೆ. ಲಿನಕ್ಸಲ್ಲಾದ್ರೆ ಎನ್‌ವೈಪ್ ಅನ್ನೋ ಅಳಿಸೋ ತಂತ್ರಾಂಶ, ಅಥವಾ ಅದನ್ನೇ ಪೆನ್‌ಡ್ರೈವಿನಿಂದ ಓಡಿಸೋ ಶ್ರೆಡ್‌ಓಎಸ್.

ಒಂದು ಸಲ ಬರೆದ್ರೆ ಸಾಕು. 35 ಸಲ ಬರೀಬೇಕು ಅನ್ನೋ ಮಾತು 1996ರದು, ಅಂದಿನ ಹಳೆ ಕಾಲದ ಡಿಸ್ಕುಗಳ ಎನ್‌ಕೋಡಿಂಗ್ ನೋಡಿ ಹೇಳಿದ್ದು. ಇವತ್ತಿನ ಡಿಸ್ಕಿಗೆ 35 ಸಲ ಬರೆದ್ರೆ ಸವೆತ ಬಿಟ್ಟು ಬೇರೇನೂ ಸಿಗಲ್ಲ. ಮನೆಯ ಡಿಸ್ಕಿಗೆ ಒಂದು ಸುತ್ತು ಸಾಕು ಅನ್ನೋದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2014ರಲ್ಲಿ ಕೊಟ್ಟ ಮಾರ್ಗಸೂಚಿಗೂ ಹೊಂದುತ್ತೆ.

4 ಟಿಬಿ ಅಂದ್ರೆ 40 ಲಕ್ಷ ಎಂಬಿ. ಡಿಸ್ಕಿನ ಹೊರಸುತ್ತಿನಲ್ಲಿ ವೇಗ ಜಾಸ್ತಿ, ಒಳಸುತ್ತಿಗೆ ಹೋಗ್ತಾ ಅರ್ಧಕ್ಕೆ ಇಳಿಯುತ್ತೆ. ಸರಾಸರಿ ಸೆಕೆಂಡಿಗೆ 130 ಎಂಬಿ ಹಿಡಿದ್ರೆ ಎಂಟೂವರೆ ಗಂಟೆ. ಕಂಪ್ಯೂಟರ್ ನಡುರಾತ್ರಿ ನಿದ್ದೆಗೆ ಹೋಗದ ಹಾಗೆ ಸ್ಲೀಪ್ ಆಫ್ ಮಾಡಿ. ಕರೆಂಟ್ ಹೋಗೋ ಏರಿಯಾ ಆದ್ರೆ ಯುಪಿಎಸ್ ಮೇಲೆ ಇಡಿ. ಬರೀವಾಗ ಡಿಸ್ಕಿನ ಮುಂದೆ ಚಿಕ್ಕ ಫ್ಯಾನ್ ಒಂದು ತಿರುಗ್ತಾ ಇರಲಿ, ಬರಿ ಮೇಜಿನ ಮೇಲೆ ಇಟ್ರೆ 50 ಡಿಗ್ರಿ ದಾಟೋದು ಸುಲಭ.

ಯುಎಸ್‌ಬಿ ಡಾಕ್‌ನಲ್ಲಿ (ಡಿಸ್ಕನ್ನ ಯುಎಸ್‌ಬಿ ಮೂಲಕ ಜೋಡಿಸೋ ಪೀಠ) ಸೊನ್ನೆ ಬರೆಯಬಹುದು. ಆದರೆ ಡಿಸ್ಕ್ ತನ್ನನ್ನ ತಾನೇ ಅಳಿಸಿಕೊಳ್ಳೋ ಸೆಕ್ಯೂರ್ ಇರೇಸ್ ಆಜ್ಞೆಯನ್ನ ಡಾಕ್ ಮೂಲಕ ಕೊಡಬೇಡಿ. ಆ ಆಜ್ಞೆ ಕೊಡೋಕೆ ಮೊದಲು ಡಿಸ್ಕಿಗೆ ಪಾಸ್‌ವರ್ಡ್ ಹಾಕಬೇಕಾಗುತ್ತೆ, ನಡುವೆ ಡಾಕ್ ಕೈಕೊಟ್ರೆ ಡಿಸ್ಕ್ ಲಾಕ್ ಆಗಿ ಕೂರುತ್ತೆ. ಎಸ್‌ಎಸ್‌ಡಿ ಲೆಕ್ಕವೇ ಬೇರೆ. ಅದರಲ್ಲಿ ನಮಗೆ ಕಾಣದ ಮೀಸಲು ಜಾಗ ಇರುತ್ತೆ, ಸೊನ್ನೆ ಬರೆದ್ರೆ ಅಲ್ಲಿಗೆ ತಲುಪಲ್ಲ. ಎಸ್‌ಎಸ್‌ಡಿಯನ್ನ ಕಂಪ್ಯೂಟರಿನ ಮದರ್‌ಬೋರ್ಡಿಗೇ ಹಾಕಿ, ಕಂಪನಿಯ ತಂತ್ರಾಂಶದಲ್ಲೋ ಬಯೋಸ್‌ನಲ್ಲೋ ಇರೋ ಸೆಕ್ಯೂರ್ ಇರೇಸ್ ಕೊಡಿ.

ಸ್ಮಾರ್ಟ್ ಅಂಕಿಗಳನ್ನ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ಸೊನ್ನೆ ಬರೆಯೋಕೆ ಮುಂಚೆ ಒಮ್ಮೆ, ಬರೆದ ಮೇಲೆ ಒಮ್ಮೆ ಉಳಿಸಿಕೊಳ್ಳಿ. ನೋಡಬೇಕಾದ ಸಾಲುಗಳು 5, 187, 197, 198. 187 ಮತ್ತು 198 ಸರಿಪಡಿಸೋಕೆ ಆಗದ ತಪ್ಪುಗಳ ಲೆಕ್ಕ. ಓದೋಕೆ ಆಗದೆ ಅನುಮಾನದಲ್ಲಿರೋ ಸೆಕ್ಟರ್‌ಗಳ ಲೆಕ್ಕ 197ರಲ್ಲಿ ಇರುತ್ತೆ. ಅಂಥ ಸೆಕ್ಟರ್ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ಒಂದು ತೀರ್ಮಾನಕ್ಕೆ ಬರಲೇಬೇಕು: ಜಾಗ ಚೆನ್ನಾಗಿದೆ ಅಂತ ಉಳಿಸಿಕೊಳ್ಳುತ್ತೆ, ಇಲ್ಲ ಅದನ್ನ ಕೈಬಿಟ್ಟು ಮೀಸಲಿನಿಂದ ಬೇರೆ ಸೆಕ್ಟರ್ ತಗೊಳ್ಳುತ್ತೆ. ಹಾಗೆ ಬದಲಾದವು 5ನೇ ಸಾಲಿಗೆ ಸೇರ್ತವೆ. ಅದಕ್ಕೇ ಮುಂಚೆ, ಆಮೇಲೆ ಎರಡೂ ಬೇಕು ಅನ್ನೋದು. ಬರೆದ ಮೇಲೆ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನ ತಾನೇ ಪೂರ್ತಿ ಓದಿ ನೋಡೋ ಪರೀಕ್ಷೆ) ಕೊಡಿ, ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಡಾಕ್ ತಾನಾಗೇ ಡಿಸ್ಕ್ ನಿಲ್ಲಿಸಿಬಿಟ್ರೆ ಟೆಸ್ಟ್ ಅರ್ಧಕ್ಕೇ ನಿಲ್ಲುತ್ತೆ, ಆಗುವುದಾದ್ರೆ ಡಿಸ್ಕನ್ನ ನೇರ ಮದರ್‌ಬೋರ್ಡಿಗೆ ಜೋಡಿಸೋ ಸಾಟಾ ಕೇಬಲಲ್ಲೇ ಮಾಡಿ.

ಸ್ಮಾರ್ಟ್ ಅಂಕಿ ನೋಡೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಬಳಸೋರು ಗಮನಿಸಿ, ಅದು ಕಚ್ಚಾ ಅಂಕಿಗಳನ್ನ ಮೊದಲಿಗೆ ಹೆಕ್ಸ್‌ನಲ್ಲಿ (16ರ ಲೆಕ್ಕದ ಅಂಕಿಯಲ್ಲಿ) ತೋರಿಸುತ್ತೆ. 5ನೇ ಸಾಲಿನಲ್ಲಿ 18 ಅಂತ ಕಂಡ್ರೆ ಅದು 24. ಡಿಸ್ಕ್ ಓಡಿದ ಗಂಟೆಯ ಸಾಲಿನಲ್ಲಿ 7ಎ12 ಅಂದ್ರೆ 31,250 ಗಂಟೆ, ಅಂದ್ರೆ ಮೂರೂವರೆ ವರ್ಷ ಬಿಡದೆ ತಿರುಗಿದೆ. ಸೆಟ್ಟಿಂಗಲ್ಲಿ ದಶಮಾನಕ್ಕೆ ಬದಲಾಯಿಸಿ ಆಮೇಲೆ ಸ್ಕ್ರೀನ್‌ಶಾಟ್ ತೆಗೀರಿ. ಸೀಗೇಟ್ ಡಿಸ್ಕಲ್ಲಿ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಕೊಳ್ಳೋರು ಹೆದರಿ ಓಡ್ತಾರೆ. ಅದರ ಬಹುಪಾಲು ತಪ್ಪುಗಳ ಲೆಕ್ಕ ಅಲ್ಲ, ಮಾಡಿದ ಕೆಲಸದ ಲೆಕ್ಕ. ಇನ್ನು 199ರಲ್ಲಿ ಅಂಕಿ ಇದ್ರೆ ಹೆಚ್ಚಿನ ಸಲ ಕೇಬಲಿನ ದೋಷ. ಕೇಬಲ್ ಬದಲಾಯಿಸಿದ್ರೂ ಹಳೆ ಅಂಕಿ ಇಳಿಯಲ್ಲ, ಮುಂದೆ ಏರದಿದ್ರೆ ಆಯ್ತು.

ನನ್ನ ಗೆರೆ ಇಲ್ಲಿ. ಸೊನ್ನೆ ಬರೆದ ಮೇಲೂ 197 ಅಥವಾ 198 ಸೊನ್ನೆ ಆಗದಿದ್ರೆ, ಇಲ್ಲಾ ಬರೀವಾಗ 5ನೇ ಸಾಲು ಏರಿದ್ರೆ, ಆ ಡಿಸ್ಕನ್ನ ಯಾವ ಬೆಲೆಗೂ ಮಾರಬೇಡಿ. ಬೆಲೆ ಇಳಿಸಿ, ಹೇಳಿಯೇ ಮಾರ್ತೀನಿ ಅನ್ನಬಹುದು. ಆದರೆ ನಿಮ್ಮ ಕೈಯಿಂದ ಕೊಂಡವರು ಮೂರನೆಯವರಿಗೆ ದಾಟಿಸುವಾಗ ಆ ಮಾತು ಜೊತೆಗೆ ಹೋಗಲ್ಲ. ಮಗುವಿನ ಮೊದಲ ವರ್ಷದ ಫೋಟೋಗಳೆಲ್ಲ ಅದರ ಮೇಲೇ ಕೂರಬಹುದು.

ಡಿಸ್ಕ್ ಎಷ್ಟು ಗಂಟೆ ಓಡಿದೆ ಅನ್ನೋದನ್ನ ಮುಚ್ಚಿಡಬೇಡಿ. 2025ರ ಆರಂಭದಲ್ಲಿ ಯುರೋಪಿನಲ್ಲಿ ದೊಡ್ಡ ಸುದ್ದಿ ಆಯ್ತು: ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳ ಸ್ಮಾರ್ಟ್ ಲೆಕ್ಕ ಅಳಿಸಿ ಹೊಸದು ಅಂತ ಮಾರಿದ್ರು. ಸಿಕ್ಕಿಬಿದ್ದದ್ದು ಸೀಗೇಟ್ ಡಿಸ್ಕಿನಲ್ಲೇ ಇರೋ ಫಾರ್ಮ್ ಅನ್ನೋ ಇನ್ನೊಂದು ದಾಖಲೆಯಿಂದ. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ಉಚಿತ ತಂತ್ರಾಂಶದ 7.4ನೇ ಆವೃತ್ತಿಯಿಂದ ಅದನ್ನ ಯಾರು ಬೇಕಾದ್ರೂ ಓದಬಹುದು. ಹಳೆ ಡಿಸ್ಕ್ ಕೊಳ್ಳೋರು ಈಗ ಸ್ಮಾರ್ಟ್, ಫಾರ್ಮ್ ಎರಡನ್ನೂ ಕೇಳ್ತಾರೆ, ಕೇಳೋದು ಸರಿಯೇ. ನೀವೇ ಮುಂದಾಗಿ ಕೊಡಿ.

ಜಾಹೀರಾತಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೀರಿ, '4 ಟಿಬಿ ರೆಡ್' ಅಂದ್ರೆ ಸಾಲದು. ವೆಸ್ಟರ್ನ್ ಡಿಜಿಟಲ್‌ನ 2ರಿಂದ 6 ಟಿಬಿವರೆಗಿನ ರೆಡ್ ಡಿಸ್ಕುಗಳಲ್ಲಿ ಇಎಫ್‌ಆರ್‌ಎಕ್ಸ್ ಅಂತ ಮುಗಿಯೋದು ಸಿಎಂಆರ್ (ಡೇಟಾ ಬರೆಯೋ ಸುತ್ತುಗಳು, ಅಂದ್ರೆ ಟ್ರ್ಯಾಕುಗಳು, ಬಿಡಿಬಿಡಿಯಾಗಿರೋದು), ಇಎಫ್‌ಎಎಕ್ಸ್ ಅಂತ ಮುಗಿಯೋದು ಎಸ್‌ಎಂಆರ್. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿರ್ತವೆ, ಒಂದನ್ನ ಬದಲಾಯಿಸಿದ್ರೆ ಪಕ್ಕದ್ದನ್ನೂ ಮತ್ತೆ ಬರೀಬೇಕು, ಹಾಗಾಗಿ ರೈಡ್ ರೀಬಿಲ್ಡ್ ದಿನಗಟ್ಟಲೆ ಎಳೆಯುತ್ತೆ. ಕಂಪನಿ ಹೇಳದೇ ಎಸ್‌ಎಂಆರ್ ಮಾರಿದ್ದು 2020ರ ಏಪ್ರಿಲಲ್ಲಿ ಬಯಲಾದಾಗ ನ್ಯಾಸ್ ಬಳಸೋರು ಸಿಟ್ಟಾಗಿದ್ದು ಸುಮ್ಮನೆ ಅಲ್ಲ. ಹಾಗೇ, ಎಕ್ಸ್‌ಟರ್ನಲ್ ಡಬ್ಬಿ ಒಡೆದು ತೆಗೆದ ಬಿಳಿ ಲೇಬಲಿನ ಡಿಸ್ಕ್ ಆಗಿದ್ರೆ ಅದನ್ನೂ ಹೇಳಿ. ಪವರ್ ಕನೆಕ್ಟರಿನ 3ನೇ ಪಿನ್ನಿಗೆ 3.3 ವೋಲ್ಟ್ ಬಂದ್ರೆ ಅಂಥ ಕೆಲವು ಡಿಸ್ಕ್ ತಿರುಗೋದೇ ಇಲ್ಲ, ಕೊಂಡವರು ಸತ್ತ ಡಿಸ್ಕ್ ಕೊಟ್ರು ಅಂದ್ಕೊಳ್ತಾರೆ. ಆ ಪಿನ್ ಮೇಲೆ ಕಾಪ್ಟಾನ್ (ಕರೆಂಟ್ ಹರಿಯದ) ಟೇಪಿನ ಸಣ್ಣ ಚೂರು ಅಂಟಿಸಿದ್ರೆ ಸರಿ ಹೋಗುತ್ತೆ.

ಬೆಲೆಗೆ ಟಿಬಿ ಲೆಕ್ಕ ಹಿಡೀರಿ. ಇವತ್ತು 8 ಅಥವಾ 12 ಟಿಬಿಯ ಹೊಸ ಡಿಸ್ಕಿಗೆ ಟಿಬಿಗೆ ಎಷ್ಟು ಬೀಳುತ್ತೆ ನೋಡಿ. ವಾರಂಟಿ ಇನ್ನೂ ಇದ್ರೆ ಅದರ ಅರ್ಧಕ್ಕಿಂತ ತುಸು ಮೇಲೆ, ಮುಗಿದಿದ್ರೆ ಅರ್ಧಕ್ಕಿಂತ ಕೆಳಗೆ. 40,000 ಗಂಟೆ ದಾಟಿದ್ರೆ ಕಾಲು ಭಾಗ ಕೇಳಿ. ನೀವು ಕೊಟ್ಟಿದ್ದ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ.

ಕೊರಿಯರ್‌ನಲ್ಲಿ ಕಳಿಸೋದಾದ್ರೆ ಆಂಟಿಸ್ಟ್ಯಾಟಿಕ್ ಚೀಲ, ಸುತ್ತ ಆರೂ ಕಡೆ ಕನಿಷ್ಠ 5 ಸೆಂಟಿಮೀಟರ್ ಫೋಮ್. ಸುಕ್ಕು ಮಾಡಿದ ನ್ಯೂಸ್‌ಪೇಪರ್ ಸಾಲಲ್ಲ, ದಾರಿಯಲ್ಲಿ ಚಪ್ಪಟೆಯಾಗಿ ಡಿಸ್ಕ್ ಡಬ್ಬಿಯ ಗೋಡೆಗೆ ಬಡಿಯುತ್ತೆ. ಒಂದೇ ಡಬ್ಬಿಯಲ್ಲಿ ಎರಡು ಡಿಸ್ಕ್ ಇಟ್ರೆ ಒಂದಕ್ಕೊಂದು ತಾಗಬಾರದು. ಮುಚ್ಚಳದ ಮೇಲೆ ಗಾಳಿ ರಂಧ್ರ ಇದ್ರೆ ಅದರ ಮೇಲೆ ಟೇಪ್, ಬೆಲೆ ಚೀಟಿ ಅಂಟಿಸಬೇಡಿ.

ಕೈಯಿಂದ ಕೈಗೆ ಮಾರುವಾಗ ಯುಪಿಐನಲ್ಲಿ ದುಡ್ಡು ಬರೋಕೆ ನೀವು ಪಿನ್ ಒತ್ತಬೇಕಿಲ್ಲ. ಕ್ಯೂಆರ್ ಕಳಿಸಿ 'ಸ್ಕ್ಯಾನ್ ಮಾಡಿ, ನಿಮಗೆ ಬರುತ್ತೆ' ಅಂದೋರ ಮಾತು ಅಲ್ಲಿಗೇ ನಿಲ್ಲಿಸಿ.

ಗೆರೆ ದಾಟಿದ ಡಿಸ್ಕನ್ನ ಗುಜರಿಗೆ ಹಾಗೇ ಹಾಕಬೇಡಿ. ಬರೆಯೋಕೂ ಆಗದಷ್ಟು ಕೆಟ್ಟಿದ್ರೆ ಪ್ಲೇಟುಗಳಿಗೆ ಡ್ರಿಲ್ ಹಾಕಿ ಇ-ತ್ಯಾಜ್ಯದವರಿಗೆ ಕೊಡಿ. ಲ್ಯಾಪ್‌ಟಾಪಿನ 2.5 ಇಂಚಿನವುಗಳ ಪ್ಲೇಟ್ ಸಾಮಾನ್ಯವಾಗಿ ಗಾಜು, ಸಿಡಿದು ಕಣ್ಣಿಗೆ ಹಾರುತ್ತೆ, ಕಣ್ಣು ಕಾಯೋ ರಕ್ಷಣಾ ಕನ್ನಡಕ ಹಾಕದೆ ಕೈ ಹಚ್ಚಬೇಡಿ.

ಮಾರಿದ ಡಿಸ್ಕಿಗೆ ಏಳು ದಿನ ವಾಪಸಿನ ಅವಕಾಶ ಕೊಡಿ. ಕೊಂಡವರೂ ತಮ್ಮ ಮನೆಯಲ್ಲಿ ಲಾಂಗ್ ಟೆಸ್ಟ್ ಮಾಡಬೇಕು, ಅದಕ್ಕೆ ಅವರಿಗೂ ಒಂದು ರಾತ್ರಿ ಬೇಕು. ಸೀರಿಯಲ್ ನಂಬರ್, ಗಂಟೆ, 5 ಮತ್ತು 197ನೇ ಸಾಲಿನ ಅಂಕಿ, ತಾರೀಖು, ಇಷ್ಟನ್ನ ಎರಡು ಚೀಟಿಯಲ್ಲಿ ಬರೆದು ಒಂದು ಅವರಿಗೆ ಕೊಡಿ, ಇನ್ನೊಂದು ನಿಮ್ಮ ಹತ್ರ ಇರಲಿ. ವಾಪಸ್ ಬಂದ್ರೆ ಬಂದಿದ್ದು ಅದೇ ಡಿಸ್ಕೇ ಅಂತ ಮೊದಲು ನಂಬರ್ ನೋಡಿ, ಆಮೇಲೆ ದುಡ್ಡು ಕೊಡಿ.