ಪೂಜೆ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ

ಎಲ್ಲರಿಗೂ ನಮಸ್ಕಾರ. ಮೈಸೂರಿಂದ ಮಾತಾಡುತ್ತಿದ್ದೇನೆ. ಇವತ್ತು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸದ ಬಗ್ಗೆ ಮಾತಾಡಬೇಕು ಅಂತ ಎಲ್ಲಾ ಬರೆದು ಇಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಹೋದ ಸಂಚಿಕೆಯ ಕೆಳಗೆ ಒಬ್ಬರು ಹಾಕಿರುವ ಕಮೆಂಟ್ ಓದಿದ ಮೇಲೆ ನನಗೆ ಬೇರೆ ಏನೂ ಮಾತಾಡೋಕೆ ಮನಸ್ಸಿಲ್ಲ.

ನಮ್ಮ ಕಥೋಲಿಕ ಚರ್ಚಿನ ಭಾನುವಾರದ ಪೂಜೆ ಬಗ್ಗೆ ಬರೆದಿದ್ದಾರೆ. ಪ್ರಸಾದ ಅಂದರೆ ಆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ. ಓದುತ್ತೇನೆ, ಕೇಳಿ. "ನಾನು ಪ್ರಸಾದ ತಗೊಂಡು ಪಕ್ಕದ ಬಾಗಿಲಿಂದ ನೇರ ಗಾಡಿ ಹತ್ತಿರ ಹೋಗ್ತೀನಿ. ದೇವರಿಗೆ ಕೊಡಬೇಕಾದ ಟೈಮ್ ಕೊಟ್ಟಾಯ್ತು. ಹೊರಗೆ ನಿಂತು ಹರಟೆ ಹೊಡೆಯೋದು ಭಕ್ತಿ ಅಲ್ಲ." ಅದಕ್ಕೆ ಸುಮಾರು ಜನ ಲೈಕ್ ಬೇರೆ ಒತ್ತಿದ್ದಾರೆ.

ಅಣ್ಣ, ನಿಮ್ಮ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಈ ಮಾತು ತಪ್ಪು. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಲ್ಲುವ ಹತ್ತು ನಿಮಿಷ ಇದೆಯಲ್ಲ, ಅದು ಭಾನುವಾರದ ಒಂದು ಭಾಗ. ಅದನ್ನು ಬಿಟ್ಟರೆ ಭಾನುವಾರ ಅರ್ಧ ಆದ ಹಾಗೆ. ಇವತ್ತು ನಾನು ಹೇಳೋದು ಇದೊಂದೇ.

ಹೋದ ಭಾನುವಾರ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಏನಾಯಿತು ಗೊತ್ತಾ? ಸ್ವಾಮಿಯವರು, ಅಂದರೆ ನಮ್ಮ ಪಾದ್ರಿ, ಇನ್ನೂ ಪೀಠದ ಹತ್ತಿರ ಕೈ ಎತ್ತಿ ಕಡೆಯ ಆಶೀರ್ವಾದ ಕೊಡುತ್ತಿದ್ದಾರೆ. ಹೊರಗಡೆ ಸ್ಕೂಟರ್ ಸ್ಟಾರ್ಟ್ ಆಯಿತು. ಒಂದಲ್ಲ, ಮೂರು. ಪೂಜೆಯಲ್ಲಿ ಸ್ವಾಮಿಯವರಿಗೆ ನೆರವಾಗುವ ಪೀಠದ ಬಾಲಕ, ಎಂಟು ವರ್ಷದ ಹುಡುಗ, ತಿರುಗಿ ಬಾಗಿಲ ಕಡೆ ನೋಡಿದ. ಆ ಮಗುವಿಗೆ ನಾವು ಏನು ಕಲಿಸುತ್ತಿದ್ದೇವೆ?

ಊಟಕ್ಕೆ ಕರೆದ ಮನೆಯಲ್ಲಿ ನೀವು ಹೀಗೆ ಮಾಡುತ್ತೀರಾ? ಪಾಯಸ ಬಡಿಸಿದ ತಕ್ಷಣ ಕೈ ತೊಳೆದು, ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತೀರಾ? ಜಗಲಿ ಮೇಲೆ ಕೂರುತ್ತೀರಿ. ಎಲೆ ಅಡಿಕೆ ಹಾಕಿಕೊಳ್ಳುತ್ತೀರಿ. ಆ ಮನೆಯವರ ಮಗಳ ಪರೀಕ್ಷೆ ಏನಾಯಿತು ಅಂತ ಕೇಳುತ್ತೀರಿ. ನಮ್ಮ ಮಂಡ್ಯ, ಮೈಸೂರು ಸೀಮೆಯಲ್ಲಿ ಉಂಡ ತಕ್ಷಣ ಎದ್ದು ಹೋದರೆ ಮನೆಯವರಿಗೆ ಬೇಜಾರಾಗುತ್ತದೆ. ಉಂಡೂ ಹೋದ ಕೊಂಡೂ ಹೋದ ಅಂತಾರೆ. ಪೂಜೆಯೂ ಊಟವೇ ತಾನೆ? ಯೇಸು ಶಿಷ್ಯರ ಜೊತೆ ಉಂಡ ಕಡೆಯ ಭೋಜನದ ನೆನಪು ತಾನೆ? ಬೈಬಲ್‌ನಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯ ತೆಗೆದು ನೋಡಿ. ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ ಅಂತ ಇದೆ. ತಮ್ಮ ಪಾಡಿಗೆ ತಾವು ಉಂಡು ಮುಗಿಸುವವರನ್ನು ಅವರು ಅಲ್ಲಿ ಚೆನ್ನಾಗಿ ಬೈದಿದ್ದಾರೆ.

ಇನ್ನೊಬ್ಬರು ಬರೆದಿದ್ದಾರೆ. "ಪೂಜೆ ಮುಗಿಯಿತು, ಹೋಗಿರಿ ಅಂತ ಸ್ವಾಮಿನೇ ಹೇಳ್ತಾರಲ್ಲ?" ಹೌದು, ಹೇಳುತ್ತಾರೆ. ನಮ್ಮ ತಾತನ ಕಾಲದಲ್ಲಿ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದರು, "ಇತೆ, ಮಿಸ್ಸಾ ಎಸ್ತ್" ಅಂತ. ಮಿಸ್ಸಾ ಅಂದರೆ ಕಳುಹಿಸುವುದು. ಇಂಗ್ಲಿಷಿನವರು ಪೂಜೆಗೆ ಮಾಸ್ ಅನ್ನುತ್ತಾರಲ್ಲ, ಆ ಹೆಸರು ಬಂದಿದ್ದೇ ಈ ಮಾತಿನಿಂದ. 1963ರಲ್ಲಿ ರೋಮಿನಲ್ಲಿ ಸೇರಿದ್ದ ಬಿಷಪರ ಎರಡನೇ ವ್ಯಾಟಿಕನ್ ಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಆಮೇಲೆ ನಮಗೆ ಕನ್ನಡದಲ್ಲಿ ಪೂಜೆ ಸಿಕ್ಕಿತು. ಕಳುಹಿಸುವುದು ಅಂದರೆ ಜನರ ಹತ್ತಿರ ಕಳುಹಿಸುವುದು. ಗಾಡಿ ಹತ್ತಿರ ಅಲ್ಲ! ನಿಮ್ಮ ಪಕ್ಕ ಒಂದು ಗಂಟೆ ಮಂಡಿಯೂರಿದ್ದ ಮನುಷ್ಯನಿಂದಲೇ ಶುರು ಮಾಡಿ. ಅವರ ಹೆಸರು ಗೊತ್ತಾ ನಿಮಗೆ?

ಸ್ವಲ್ಪ ನೀರು ಕುಡಿಯುತ್ತೇನೆ. ಅಷ್ಟರಲ್ಲಿ ನೀವು ಸಬ್‌ಸ್ಕ್ರೈಬ್ ಮಾಡಿ. ಈ ಕೆಲಸ ನಾನು ಮತ್ತು ನನ್ನ ತಂಗಿ, ಇಬ್ಬರೇ ಮಾಡುತ್ತಿರುವುದು. ಕ್ಯಾಮೆರಾ ಅವಳದು, ಬಾಯಿ ನನ್ನದು.

ಈಗ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ನಮ್ಮ ಚರ್ಚಿನ ಬಲಗಡೆ ಲೂರ್ದು ಮಾತೆಯ, ಅಂದರೆ ಮಾತೆ ಮರಿಯಮ್ಮನ, ಗವಿ ಇದೆ. ಪೂಜೆ ಮುಗಿದ ಮೇಲೆ ಈ ಅಜ್ಜಿ ಪ್ರತಿ ಭಾನುವಾರ ಅಲ್ಲಿ ಒಂದು ಮೇಣದ ಬತ್ತಿ ಹಚ್ಚಿ, ಗವಿಯ ಕಟ್ಟೆ ಪಕ್ಕ ನಿಂತುಕೊಳ್ಳುತ್ತಿದ್ದರು. ಸೆರಗಿನ ತುದಿಯಲ್ಲಿ ಗಂಟು. ಗಂಟಿನಲ್ಲಿ ಆಟೋಗೆ ಬೇಕಾದಷ್ಟು ಚಿಲ್ಲರೆ. ಎಡಗೈ ಬೆರಳಿಗೆ ಜಪಸರ ಎರಡು ಸುತ್ತು. ಅವರು ಜಾಸ್ತಿ ಮಾತಾಡುತ್ತಿರಲಿಲ್ಲ. ಹೊರಗೆ ಬರುವ ಒಬ್ಬೊಬ್ಬರನ್ನೂ ನೋಡುತ್ತಿದ್ದರು. ಯಾರು ಬಂದರು, ಯಾರು ಬರಲಿಲ್ಲ, ಎಲ್ಲಾ ಅವರ ತಲೆಯಲ್ಲಿ ಇರುತ್ತಿತ್ತು.

ನಮ್ಮಪ್ಪನಿಗೆ ಹುಷಾರಿಲ್ಲದೆ ನಾವು ಎರಡು ವಾರ ಪೂಜೆಗೆ ಹೋಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಸೋಮವಾರ ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ಅಜ್ಜಿ ಇಳಿದರು. ಕೈಯಲ್ಲಿ ಒಂದು ಕಟ್ಟು ನುಗ್ಗೆಸೊಪ್ಪು, ಒಂದು ಡಬ್ಬಿ ರಾಗಿ ಹುರಿಹಿಟ್ಟು. "ಯಾಕ್ ಮಗ, ಎಲ್ಡು ವಾರದಿಂದ ಕಾಣ್ನಿಲ್ಲ?" ಅಂದರು. ಅಷ್ಟೇ. ಒಳಗೆ ಬಂದು ಅಪ್ಪನ ಮಂಚದ ಪಕ್ಕ ಕೂತು ಒಂದು ಜಪಸರ ಹೇಳಿದರು. ಹೊರಡುವಾಗ ನಮ್ಮಮ್ಮನಿಗೆ, "ಡಬ್ಬಿ ವಾಪಸ್ ಕೊಡಕ್ಕಾದ್ರೂ ಭಾನುವಾರ ಬಾರವ್ವ" ಅಂದರು.

ಅಣ್ಣ, ಇದಕ್ಕೆ ನೀವು ಹರಟೆ ಅನ್ನುತ್ತೀರಾ?

ಸಂತ ಜಸ್ಟಿನ್ ಅಂತ ಒಬ್ಬರು ಇದ್ದರು. ಸುಮಾರು ಕ್ರಿ.ಶ. 155ರ ಹೊತ್ತಿಗೆ ರೋಮಿನ ಚಕ್ರವರ್ತಿಗೆ ಒಂದು ಮನವಿ ಬರೆದರು. ಭಾನುವಾರ ನಾವು ಸೇರಿ ಏನು ಮಾಡುತ್ತೇವೆ ಅಂತ ಅದರಲ್ಲಿ ವಿವರಿಸಿದ್ದಾರೆ. ಪಟ್ಟಣದವರು, ಹಳ್ಳಿಯವರು ಒಂದೇ ಕಡೆ ಸೇರುತ್ತಾರೆ. ಓದುತ್ತಾರೆ, ಪ್ರಾರ್ಥಿಸುತ್ತಾರೆ, ರೊಟ್ಟಿ ಹಂಚಿಕೊಳ್ಳುತ್ತಾರೆ. ಬಾರದವರಿಗೆ ಸೇವಕರು ಪ್ರಸಾದ ತೆಗೆದುಕೊಂಡು ಹೋಗುತ್ತಾರೆ. ಕಾಣಿಕೆ ಹಣ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿ ಇರುವವರಿಗೆ ಹೋಗುತ್ತದೆ. ಈಗ ನೀವೇ ಹೇಳಿ. ಬಾರದವರಿಗೆ ತೆಗೆದುಕೊಂಡು ಹೋಗಬೇಕಾದರೆ ಯಾರು ಬಂದಿಲ್ಲ ಅಂತ ಮೊದಲು ಗೊತ್ತಾಗಬೇಕಲ್ವಾ? ಪಕ್ಕದ ಬಾಗಿಲಿಂದ ಓಡಿದರೆ ಹೇಗೆ ಗೊತ್ತಾಗುತ್ತದೆ? ನಿಲ್ಲಬೇಕು. ಮುಖ ನೋಡಬೇಕು.

ಕೆಲವರು ಹೇಳುವ ಕಾರಣಗಳನ್ನೂ ನೋಡಿಬಿಡೋಣ.

"ಲೇಟಾದರೆ ಒಳ್ಳೇ ಮಟನ್ ಸಿಗಲ್ಲ." ಇದನ್ನು ನಿಜವಾಗಿ ನನಗೆ ಹೇಳಿದ್ದಾರೆ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ಮುಕ್ಕಾಲು ಗಂಟೆ ಕ್ಯೂ ನಿಲ್ಲುವ ಕಾಲು, ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ನಿಂತರೆ ನೋಯುತ್ತದಾ?

"ಮುಂದಿನ ಪೂಜೆಯವರಿಗೆ ಜಾಗ ಬಿಡಬೇಕು." ಒಳಗೆ ಬಿಡಿ! ಅಂಗಳದಲ್ಲಿ ನಿಲ್ಲಿ! ನಮ್ಮಲ್ಲಿ ಕನ್ನಡ ಪೂಜೆ ಮುಗಿಯುವಾಗ ತಮಿಳು ಪೂಜೆಯವರು ಬರುತ್ತಿರುತ್ತಾರೆ. ಒಂದೇ ಧರ್ಮಕೇಂದ್ರದವರು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡುವುದು ಆ ಹತ್ತು ನಿಮಿಷದಲ್ಲಿ ಮಾತ್ರ. ಅದನ್ನೂ ಬಿಟ್ಟರೆ ಒಂದು ಸೂರಿನ ಕೆಳಗೆ ಎರಡು ಊರು.

"ವಾಟ್ಸಾಪ್ ಗ್ರೂಪ್ ಇದೆಯಲ್ಲ." ಇದಕ್ಕೆ ಆಮೇಲೆ ಬರುತ್ತೇನೆ. ಈ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ.

ಅಶೋಕ ರಸ್ತೆಯ ನಮ್ಮ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚ್. ಎರಡು ಗೋಪುರ, ಒಂದೊಂದೂ 175 ಅಡಿ. ಎಲ್ಲೆಲ್ಲಿಂದಲೋ ಬಂದ ಪ್ರವಾಸಿಗರು ಆ ಅಂಗಳದಲ್ಲಿ ಅರ್ಧ ಗಂಟೆ ನಿಂತು ಕತ್ತೆತ್ತಿ ಗೋಪುರ ನೋಡುತ್ತಾರೆ. ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅವರಿಗೆ ಆ ಅಂಗಳದಲ್ಲಿ ಯಾರೂ ಗೊತ್ತಿಲ್ಲ, ಆದರೂ ನಿಲ್ಲುತ್ತಾರೆ. ನಿಮಗೆ ದೀಕ್ಷಾಸ್ನಾನ ಆದ ಚರ್ಚ್, ನಿಮ್ಮ ಅಪ್ಪ ಅಮ್ಮನ ಮದುವೆ ಆದ ಚರ್ಚ್. ಅಲ್ಲಿ ನಿಮಗೆ ಹತ್ತು ನಿಮಿಷ ಇಲ್ವಾ?

ನಮ್ಮ ಮೈಸೂರು ಜಿಲ್ಲೆಯ ಡೋರ್ನಹಳ್ಳಿಗೆ ಹೋಗಿ. 2019ರಲ್ಲಿ ರೋಮಿನಿಂದ ಬಸಿಲಿಕ ಅನ್ನುವ ವಿಶೇಷ ಗೌರವ ಸಿಕ್ಕಿತಲ್ಲ, ಸಂತ ಅಂತೋಣಿಯವರ ಚರ್ಚ್. ರೈತನೊಬ್ಬ ಹೊಲ ಉಳುವಾಗ ಸಿಕ್ಕ ಮರದ ಪ್ರತಿಮೆ ಅಂತ ಅಲ್ಲಿಯವರು ಕಥೆ ಹೇಳುತ್ತಾರೆ. ಜೂನ್ 13ರ ಹಬ್ಬಕ್ಕೆ ಎಲ್ಲಾ ಜಾತಿ ಮತದವರು ಬರುತ್ತಾರೆ. ಚಿಕ್ಕಂದಿನಲ್ಲಿ ನಾವು ಹೋದಾಗ ಪೂಜೆ ಮುಗಿದರೆ ಯಾರೂ ಬಸ್ಸಿಗೆ ಓಡುತ್ತಿರಲಿಲ್ಲ. ಮರದ ನೆರಳಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಿದ್ದೆವು. ಪಕ್ಕದ ಚಾಪೆಯವರು ಯಾವ ಊರಿನವರೋ ಏನೋ. ಅವರ ಚಿತ್ರಾನ್ನ ನಮಗೆ, ನಮ್ಮ ಪುಳಿಯೋಗರೆ ಅವರಿಗೆ. ಗೊತ್ತಿಲ್ಲದ ಜನರ ಜೊತೆ ಅಷ್ಟು ಹೊತ್ತು ಕೂರುತ್ತಿದ್ದೆವು. ಈಗ ಗೊತ್ತಿರುವವರ ಜೊತೆ ನಿಲ್ಲೋಕೆ ಆಗಲ್ಲ ಅಂದರೆ ಹೇಗೆ?

2020 ಮರೆತುಬಿಟ್ಟಿರಾ? ಚರ್ಚ್ ಬಾಗಿಲು ಮುಚ್ಚಿತ್ತು. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಪೂಜೆ ನೋಡಿದೆವು. ಆ ವರ್ಷ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಬೆಳಗಿನ ಪೂಜೆಯಲ್ಲಿ ಇದನ್ನೇ ಹೇಳಿದರು. ಇದು ಕಷ್ಟಕಾಲದ ಧರ್ಮಸಭೆ, ಈ ಸುರಂಗದಿಂದ ಆಚೆ ಬರಬೇಕು, ಇಲ್ಲೇ ಇದ್ದುಬಿಡಬಾರದು ಅಂತ. ಆಗ ನನಗೆ ಏನು ಬೇಕು ಅನಿಸುತ್ತಿತ್ತು ಗೊತ್ತಾ? ಪ್ರಬೋಧನೆ ಫೋನಿನಲ್ಲಿ ಕೇಳುತ್ತಿತ್ತು, ಹಾಡು ಕೇಳುತ್ತಿತ್ತು. ಅಂಗಳ ಬೇಕು ಅನಿಸುತ್ತಿತ್ತು. ಗವಿಯ ಹತ್ತಿರದ ಮೇಣದ ವಾಸನೆ, ಮಕ್ಕಳು ಕಲ್ಲುಚಪ್ಪಡಿ ಮೇಲೆ ಓಡುವ ಸದ್ದು, "ಏನಪ್ಪಾ, ಸಣ್ಣಗಾಗಿದ್ದೀಯಾ" ಅನ್ನುವ ಒಂದು ಮಾತು. ಬಾಗಿಲು ತೆರೆದ ದಿನ ಎಷ್ಟು ಜನ ಅತ್ತರು. ಈಗ ಅದೇ ಬಾಗಿಲಿಂದ ಓಡುತ್ತಿದ್ದೇವೆ.

ಸರಿ, ವಾಟ್ಸಾಪ್ ವಿಷಯಕ್ಕೆ ಬರುತ್ತೇನೆ.

ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಹೆಂಡತಿ ತೀರಿಹೋಗಿದ್ದಾರೆ, ಒಬ್ಬಂಟಿ. ಎಡಗಡೆ ಎರಡನೇ ಕಂಬದ ಪಕ್ಕ ಕೂರುತ್ತಾರೆ. ಬಿಸಿಲಿರಲಿ ಮಳೆಯಿರಲಿ, ಕಪ್ಪು ಛತ್ರಿ ಜೊತೆಗೆ ಇರಲೇಬೇಕು. ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಆಯಿತು. ಮೂರು ಭಾನುವಾರ ಆ ಕಂಬದ ಪಕ್ಕ ಜಾಗ ಖಾಲಿ ಇತ್ತು. ಮೇಷ್ಟ್ರು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇದ್ದರು. ಆ ಮೂರು ವಾರವೂ ಗ್ರೂಪಿನಲ್ಲಿ ದಿನಾ ಶುಭೋದಯ ಬರುತ್ತಿತ್ತು. ಹೂವು, ಪಾರಿವಾಳ, ಬೈಬಲ್ ವಚನ. ಒಬ್ಬರೂ ಕೇಳಲಿಲ್ಲ. ನಾಲ್ಕನೇ ವಾರ ಪ್ರಕಟಣೆಯಲ್ಲಿ ಸ್ವಾಮಿಯವರು ಹೇಳಿದಾಗಲೇ ನಮಗೆ ಗೊತ್ತಾಗಿದ್ದು.

ಆ ಮೂರು ಭಾನುವಾರ ನಾನೂ ಓಡಿದ್ದೆ. ವಿಡಿಯೋ ಎಡಿಟ್ ಮಾಡಬೇಕು ಅಂತ.

ಅವರ ಮನೆಗೆ ಹೋದೆ. ಮಂಚದ ಕಾಲಿಗೆ ಛತ್ರಿ ನೇತುಹಾಕಿದ್ದರು. ಕಿತ್ತಳೆ ಹಣ್ಣು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ, "ಅಲ್ಲಪ್ಪಾ, ಯಾರೂ ಕೇಳಲಿಲ್ವಾ?" ಅಂದರು. ಕೋಪ ಇರಲಿಲ್ಲ. ನಿಜವಾಗಲೂ ತಿಳಿದುಕೊಳ್ಳೋಕೆ ಕೇಳಿದರು.

ಅಜ್ಜಿ ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಅವರು ಇದ್ದಿದ್ದರೆ ಮೊದಲನೇ ಭಾನುವಾರವೇ ಗೊತ್ತಾಗುತ್ತಿತ್ತು. ಸೋಮವಾರ ಆಟೋ ಹೋಗುತ್ತಿತ್ತು. ನಾವು ಇನ್ನೂರು ಮನೆಯವರು ಸೇರಿ ಒಬ್ಬ ಅಜ್ಜಿ ಮಾಡುತ್ತಿದ್ದ ಕೆಲಸ ಮಾಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಲ್ಲಿ! ಟ್ರಾಫಿಕ್ ಇದ್ದರೆ ಇರಲಿ. ಟ್ಯೂಷನ್‌ಗೆ ಹತ್ತು ನಿಮಿಷ ತಡ ಆಗಲಿ. "ನನಗೆ ಜನರ ಜೊತೆ ಮಾತಾಡೋಕೆ ಬರಲ್ಲ" ಅನ್ನುವವರು ಮಾತಾಡಬೇಡಿ. ಆ ಅಜ್ಜಿಯ ಹಾಗೆ ಸುಮ್ನೆ ನಿಂತು ನೋಡಿ. "ಅಲ್ಲಿ ಬರೀ ಚಾಡಿ ಮಾತು" ಅನ್ನುವವರು ಅಲ್ಲಿ ನಿಂತು ಒಳ್ಳೆ ಮಾತಾಡಿ, ಯಾರು ಬೇಡ ಅಂದರು? ನನ್ನ ಹತ್ತಿರ ಇನ್ನೂ ನಾಲ್ಕು ಕಾರಣ ಬರೆದ ಚೀಟಿ ಇದೆ. ಓದುವುದಿಲ್ಲ. ಮೇಷ್ಟ್ರ ಮಾತು ಹೇಳಿದ ಮೇಲೆ ಅದನ್ನೆಲ್ಲಾ ಓದೋಕೆ ಆಗುತ್ತಿಲ್ಲ. ನಿಲ್ಲಿ ಅಷ್ಟೇ.

ಮೇಷ್ಟ್ರು ಈಗ ವಾಕರ್ ಹಿಡಿದು ನಡೆಯುತ್ತಿದ್ದಾರೆ. ಈ ಭಾನುವಾರ ಏಳೂವರೆ ಪೂಜೆಗೆ ಕರೆದುಕೊಂಡು ಬರುತ್ತಿದ್ದೇನೆ. ನನ್ನ ತಂಗಿ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತರುತ್ತಾಳೆ. ಪೂಜೆ ಮುಗಿದ ಮೇಲೆ ಗವಿಯ ಕಟ್ಟೆ ಹತ್ತಿರ ಇರುತ್ತೇವೆ. ಕ್ಯಾಮೆರಾ ತರುವುದಿಲ್ಲ. ಕಮೆಂಟ್ ಹಾಕಿದ ಅಣ್ಣ, ನೀವು ನಮ್ಮ ಧರ್ಮಕೇಂದ್ರದವರೇ ಅಂತ ನಿಮ್ಮ ಹಳೇ ಕಮೆಂಟ್ ನೋಡಿ ಗೊತ್ತಾಯಿತು. ನೀವೂ ಬನ್ನಿ. ಸಕ್ಕರೆ ಬೇಡದವರು ಕೆಳಗೆ ಬರೆದು ತಿಳಿಸಿ, ಬೇರೆ ಫ್ಲಾಸ್ಕಿನಲ್ಲಿ ತರುತ್ತೇವೆ.