ಹೇಮಾವತಿಯ ನೀರಿಗೆ ಆದ್ಯತೆಯ ಅಂಕಿ ಕೊಡುವವರು ಯಾರು?

ನಮಸ್ಕಾರ. ನದಿ ಕಣಿವೆಯ ನೀರನ್ನು ಲೆಕ್ಕಹಾಕಿ ಹಂಚಲು ಜಗತ್ತಿನ ಅನೇಕ ಕಡೆ ಕಂಪ್ಯೂಟರ್ ಮಾದರಿಗಳು ಬಳಕೆಯಲ್ಲಿವೆ. ಹೇಮಾವತಿಗೂ ಅಂಥದ್ದು ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಅದರೊಳಗೆ ಏನೇನು ತುಂಬಲಾಗಿದೆ ಎಂಬುದು ಅಚ್ಚುಕಟ್ಟಿನ ರೈತರಿಗೂ ಮೇಲಿನ ಕಾಫಿ ತೋಟದವರಿಗೂ ಕಾಣುವಂತಿರಬೇಕು ಎಂಬುದು ನನ್ನ ಪಟ್ಟು.

ಸ್ಟಾಕ್‌ಹೋಮ್ ಪರಿಸರ ಸಂಸ್ಥೆ ರೂಪಿಸಿರುವ ‘ವೀಪ್’ ಎಂಬ ತಂತ್ರಾಂಶವನ್ನೇ ನೋಡೋಣ. ಅದರಲ್ಲಿ ನೀರು ಕೇಳುವ ಪ್ರತಿಯೊಂದು ಊರಿಗೂ ನಾಲೆಗೂ 1ರಿಂದ 99ರವರೆಗಿನ ಒಂದು ಆದ್ಯತೆಯ ಅಂಕಿ ಕೊಡಬೇಕು. ಅಂಕಿ ಚಿಕ್ಕದಿದ್ದವರಿಗೆ ಮೊದಲು ನೀರು. ಒಂದೇ ಅಂಕಿ ಇದ್ದವರು ಕೊರತೆಯನ್ನು ತಮ್ಮ ಬೇಡಿಕೆಗೆ ತಕ್ಕಂತೆ ಸಮಪ್ರಮಾಣದಲ್ಲಿ ಹೊರುತ್ತಾರೆ. 37.103 ಟಿಎಂಸಿ ಸಾಮರ್ಥ್ಯದ ಗೊರೂರು ಜಲಾಶಯದಿಂದ ಕುಡಿಯುವ ನೀರಿಗೆ 1 ಎಂದರೆ ಯಾರದೂ ತಕರಾರಿರದು. ಆದರೆ ತುಮಕೂರಿನತ್ತ ಸಾಗುವ ಎಡದಂಡೆ ನಾಲೆಗೆ 2, ಬಲದಂಡೆಗೆ 3 ಎಂದು ಬರೆದರೆ, ಮಳೆ ಕೈಕೊಟ್ಟ ವರ್ಷ ಬಲದಂಡೆಯ ಗದ್ದೆ ಮೊದಲು ಒಣಗುವುದಕ್ಕೆ ಆ ಅಂಕಿಯೇ ಕಾರಣವಾಗುತ್ತದೆ. ಹೇಮಾವತಿ ಸೇರುವ ಕಾವೇರಿಯಿಂದ, ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ತಮಿಳುನಾಡಿಗೆ ಹರಿಸಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದ 177.25 ಟಿಎಂಸಿಗೂ ಇಂಥದ್ದೇ ಒಂದು ಸ್ಥಾನ ಕೊಡಲೇಬೇಕು. ಇದು ತಂತ್ರಜ್ಞನೊಬ್ಬ ಕೋಣೆಯಲ್ಲಿ ಕುಳಿತು ತೀರ್ಮಾನಿಸುವ ವಿಷಯವೇ ಅಲ್ಲ.

ಇನ್ನು ಮೇಲಿನ ಭಾಗಕ್ಕೆ ಬರೋಣ. ಮೂಡಿಗೆರೆ, ಸಕಲೇಶಪುರದ ಕಡೆ ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ, ರೊಬಸ್ಟಾ ಕಾಫಿ ಬೆಳೆಗಾರರು ಹಳ್ಳಕ್ಕೋ ತೋಟದ ಕೆರೆಗೋ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಹೂವಿಗೆ ಒಮ್ಮೆ, ಎರಡು ಮೂರು ವಾರ ಬಿಟ್ಟು ‘ಬ್ಯಾಕಿಂಗ್‌’ಗೆ, ಅಂದರೆ ಹೂವು ಕಾಯಿಕಟ್ಟಲು, ಮತ್ತೊಮ್ಮೆ. ಬೆಳೆ ಉಳಿಯಬೇಕಾದರೆ ಅದು ಅನಿವಾರ್ಯ, ಅದನ್ನು ನಾನು ತಪ್ಪೆನ್ನುವುದಿಲ್ಲ. ಒಂದು ಎಕರೆಗೆ ಒಂದು ಇಂಚು ಎಂದು ಹಿಡಿದರೂ ಸುಮಾರು 1 ಲಕ್ಷ ಲೀಟರ್ ನೀರು ಬೇಕು, ಅದೂ ಹೊಳೆ ತೀರಾ ಸೊರಗಿರುವ ದಿನಗಳಲ್ಲಿ. ಈ ಬಳಕೆಯನ್ನು ಮಾದರಿಗೆ ತಿಳಿಸದೆ, ಕೆಳಗಿನ ಮಾಪನ ಕೇಂದ್ರದ ಹರಿವಿಗಷ್ಟೇ ತಾಳೆಯಾಗುವಂತೆ ಹೊಂದಿಸಿದರೆ, ಕಾಣೆಯಾದ ನೀರನ್ನೆಲ್ಲ ಮಣ್ಣು ಹೀರಿತೆಂದೋ ಆವಿಯಾಯಿತೆಂದೋ ಅದು ತಿಳಿಯುತ್ತದೆ. ಹಳೆಯ ಅಂಕಿಗಳಿಗೆ ಚೆನ್ನಾಗಿಯೇ ತಾಳೆಯಾಗುವ ಆ ಮಾದರಿ, ಬೇಸಿಗೆಯಲ್ಲಿ ಒಳ್ಳೆಯ ಮಳೆ ಬಿದ್ದು ಯಾರೂ ಮೋಟಾರ್ ಹಾಕದ ವರ್ಷ ಒಳಹರಿವನ್ನು ತಪ್ಪಾಗಿ ಹೇಳುತ್ತದೆ.

ಕಾಲದ ಲೆಕ್ಕವೂ ಮುಖ್ಯ. ತಿಂಗಳ ಸರಾಸರಿಯಲ್ಲಿ ಜುಲೈ ತೃಪ್ತಿಕರವಾಗಿ ಕಾಣಬಹುದು. ಆದರೆ ಮಳೆಯೆಲ್ಲ ಕೊನೆಯ ವಾರದಲ್ಲಿ ಸುರಿದಿದ್ದರೆ ಸಸಿಮಡಿಗೆ ನೀರಿಲ್ಲದ ಮೂರು ವಾರಗಳು ಆ ಸರಾಸರಿಯೊಳಗೆ ಮುಚ್ಚಿಹೋಗಿರುತ್ತವೆ. ನಮ್ಮ ಭತ್ತಕ್ಕೆ ವಾರದ ಲೆಕ್ಕವಾದರೂ ಬೇಕು.

ಮುಂಗಾರಿಗೆ ನಾಲೆಗೆ ನೀರು ಬಿಡುವ ಮುನ್ನ ನೀರಾವರಿ ಸಲಹಾ ಸಮಿತಿಯ ಸಭೆ ಸೇರುತ್ತದೆ. ಯಾವುದೇ ಮಾದರಿಯನ್ನು ನಂಬುವುದಾದರೆ, ಅದರ ಆದ್ಯತೆಯ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಆ ಸಭೆಯ ಮುಂದಿಡಬೇಕು. 2018, 2019ರ ಪ್ರವಾಹದ ವರ್ಷಗಳ ಅಂಕಿಗಳಿಗೆ ಹೊಂದಿಸಿದ ಮಾದರಿ 2023ರ ಬರವನ್ನು ಎಷ್ಟು ಸರಿಯಾಗಿ ಹೇಳುತ್ತದೆ ಎಂಬುದನ್ನು, ನಾಲೆಯ ಕೊನೆಯ ಭಾಗದ ರೈತರು ಎದುರು ಕುಳಿತಿರುವಾಗಲೇ ತೋರಿಸಬೇಕು.