ಮೊದಲು ಸಂದು ಅಳೆಯಿರಿ, ಆಮೇಲೆ ಪಂಪ್ ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯ ಭೋಸರಿ, ಚಿಂಚವಾಡ, ಚಾಕಣದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತು ದುಡಿಯುವ ಕನ್ನಡಿಗರು ಬಹಳ ಮಂದಿ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದು ನೆಲೆಸಿದ ಈ ಮನೆಗಳ ಹುಡುಗರಲ್ಲಿ ಕೆಲವರಿಗೆ ಹಳೆಯ ಕಾರಿನ ಎಂಜಿನ್ ಬಿಚ್ಚಿ ಅದರ ಶಕ್ತಿ ಹೆಚ್ಚಿಸುವ ಹುಚ್ಚು. ಒಳ್ಳೆಯ ಹುಚ್ಚೇ ಅದು. ಕೈಗೆ ಕಸುಬು ಕಲಿಸುತ್ತದೆ. ಟರ್ಬೊ ಕೂಡಿಸುತ್ತಾರೆ, ಕ್ಯಾಮ್ ಬದಲಿಸುತ್ತಾರೆ, ಪಿಸ್ಟನ್ ತರಿಸುತ್ತಾರೆ. ದುಡ್ಡು ತಳ ಮುಟ್ಟಿದ ಮೇಲೆ ಆಯಿಲ್ ಪಂಪ್ ನೆನಪಾಗುತ್ತದೆ. ಆಗ ಬರುವ ಪ್ರಶ್ನೆ ಒಂದೇ: "ದೊಡ್ಡ ಪಂಪ್ ಹಾಕಿಬಿಡಲೇ?"

ಬೇರಿಂಗಿನ ಸಂದನ್ನು, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡಕ್ಕೂ ಅದನ್ನು ಹಿಡಿದ ಬೇರಿಂಗಿಗೂ ನಡುವಿನ ಕಿರಿದಾದ ಜಾಗವನ್ನು, ಅಳೆಯದೆ ಯಾವ ಪಂಪನ್ನೂ ಕೊಳ್ಳಬೇಡಿ ಎಂಬುದೇ ನನ್ನ ಉತ್ತರ. ಅದಕ್ಕೆ ಕಾರಣ ಹೇಳುತ್ತೇನೆ.

ಪಂಪ್ ತಾನಾಗಿ ಒತ್ತಡವನ್ನು ಹುಟ್ಟಿಸುವುದಿಲ್ಲ. ಒಂದು ಸುತ್ತಿಗೆ ಇಷ್ಟು ಎಂದು ಎಣ್ಣೆಯನ್ನು ಮುಂದಕ್ಕೆ ದೂಡುತ್ತದೆ, ಅಷ್ಟೇ. ತೋಟದ ಪೈಪಿನ ತುದಿಗೆ ಹೆಬ್ಬೆರಳು ಒತ್ತಿದಾಗ ನೀರು ಚಿಮ್ಮುವಂತೆ, ಬೇರಿಂಗಿನ ಕಿರಿದಾದ ಸಂದು ಎಣ್ಣೆಯನ್ನು ತಡೆದಾಗ ಒತ್ತಡ ಏಳುತ್ತದೆ. ಸಂದು ಹಿಗ್ಗಿದರೆ ಎಣ್ಣೆ ಸೋರಿಹೋಗುತ್ತದೆ, ಅದೂ ಸಂದಿನ ಘನದ ಲೆಕ್ಕದಲ್ಲಿ. 0.05 ಮಿಲಿಮೀಟರ್ ಇದ್ದದ್ದು 0.06 ಆದರೆ ಸೋರಿಕೆ ಸುಮಾರು ಒಂದೂಮುಕ್ಕಾಲು ಪಟ್ಟು. 0.075 ಆದರೆ ಮೂರು ಪಟ್ಟಿಗೂ ಮೇಲೆ. ಬೇರಿಂಗಿನೊಳಗೆ ಕೂರುವ ಕ್ರ್ಯಾಂಕಿನ ದುಂಡು ಭಾಗವಾದ ಜರ್ನಲ್‌ನ ವ್ಯಾಸದ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲೊಂದು ಭಾಗ ಸಂದು ಎಂಬುದು ಎಂಜಿನ್ ಕಟ್ಟುವವರ ಹಳೆಯ ಲೆಕ್ಕ. 50 ಮಿಲಿಮೀಟರ್ ಜರ್ನಲ್‌ಗೆ ಅದು 0.05 ಮಿಲಿಮೀಟರ್ ಆಗುತ್ತದೆ. ಹೆಚ್ಚು ವೇಗದಲ್ಲಿ ಕ್ರ್ಯಾಂಕ್ ಬಳುಕುವುದರಿಂದ ರೇಸಿಗೆ ಕಟ್ಟುವಾಗ ತುಸು ಸಡಿಲ ಬಿಡುವುದುಂಟು. ಆ ತುಸುವಿನ ಬೆಲೆ ಎಷ್ಟೆಂದು ಈಗ ತಿಳಿಯಿತಲ್ಲ!

ಸಂದು ಹಿಗ್ಗಿಸಿದ್ದರೆ, ಪಿಸ್ಟನ್ ತಳಕ್ಕೆ ಎಣ್ಣೆ ಚಿಮ್ಮಿಸುವ ನಳಿಕೆಗಳನ್ನು ಕೂಡಿಸಿದ್ದರೆ, ಟರ್ಬೊಗೆ ಬೇರೆ ಕೊಳವೆ ಎಳೆದಿದ್ದರೆ, ಆಗ ಹೆಚ್ಚು ಹರಿವಿನ ಪಂಪ್ ಬೇಕು. ಇವು ಯಾವುವೂ ಇಲ್ಲದೆ ದೊಡ್ಡ ಪಂಪ್ ಹಾಕಿದರೆ ಹೆಚ್ಚಿನ ಎಣ್ಣೆಯೆಲ್ಲ, ಒತ್ತಡ ಮಿತಿ ಮೀರಿದಾಗ ತೆರೆಯುವ ರಿಲೀಫ್ ವಾಲ್ವಿನಿಂದ ಹಿಂದಿರುಗುತ್ತದೆ. ಎಂಜಿನ್ನಿನ ಶಕ್ತಿಯನ್ನು ತಿಂದು ಎಣ್ಣೆಯನ್ನೇ ಬಿಸಿ ಮಾಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮೇಲಕ್ಕೆ ಹೋದ ಎಣ್ಣೆ ಅದೇ ವೇಗದಲ್ಲಿ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನಿಂದ ಕೆಳಗೆ ಇಳಿಯದಿದ್ದರೆ, ಓಟದ ನಡುವೆ ತಳದ ಎಣ್ಣೆ ತೊಟ್ಟಿಯಾದ ಸಂಪ್ ಬರಿದಾಗುತ್ತದೆ. ಮೂರೂವರೆ, ನಾಲ್ಕು ಲೀಟರಿನ ಸಂಪಿಗೆ ಅದು ದೂರದ ಮಾತೇನಲ್ಲ.

ಹೆಚ್ಚು ಒತ್ತಡದ ಪಂಪ್ ಎಂದು ಮಾರುವುದರಲ್ಲಿ ಬದಲಾಗಿರುವುದು ಬಹುಪಾಲು ಆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಮಾತ್ರ. ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಸಾವಿರ ಸುತ್ತಿಗೆ) 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್ ಒತ್ತಡ) ಸಾಕು ಎಂಬ ಲೆಕ್ಕ ಬಹುತೇಕ ಎಂಜಿನ್‌ಗಳಿಗೆ ಸರಿಹೋಗುತ್ತದೆ. ಕ್ರ್ಯಾಂಕ್ ವೇಗವಾಗಿ ತಿರುಗಿದಷ್ಟೂ ಅದರ ರಂಧ್ರಗಳೊಳಗಿನ ಎಣ್ಣೆಯನ್ನು ಹೊರಕ್ಕೆ ಎಸೆಯುತ್ತದೆ. ಆ ಎಸೆತವನ್ನು ಎದುರಿಸಿ ಒಳನುಗ್ಗಲು ವೇಗದ ಜೊತೆಗೆ ಒತ್ತಡವೂ ಏರಬೇಕು. 7000 ಆರ್‌ಪಿಎಂ ಮುಟ್ಟುವ ಎಂಜಿನ್‌ಗೆ 70 ಪಿಎಸ್‌ಐ, ಅಂದರೆ 4.8 ಬಾರ್ ಹತ್ತಿರ. ಗೇಜ್‌ನಲ್ಲಿ 100 ಕಾಣಿಸಿತೆಂದು ಸಂಭ್ರಮಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕ್ರ್ಯಾಂಕನ್ನು ಎತ್ತಿ ಹಿಡಿಯುವುದು ಗೇಜ್ ತೋರಿಸುವ ಒತ್ತಡವಲ್ಲ. ತಿರುಗುವ ಜರ್ನಲ್ ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಒತ್ತಡದ ಪದರ ಕಟ್ಟಿಕೊಳ್ಳುತ್ತದೆ. ಪಂಪ್ ಆ ಪದರಕ್ಕೆ ಎಣ್ಣೆ ಉಣಿಸಿ, ಬಿಸಿಯನ್ನು ಹೊತ್ತು ತಂದರೆ ಸಾಕು.

ಇನ್ನು ಪಂಪಿನೊಳಗೆ ತಿರುಗಿ ಎಣ್ಣೆ ದೂಡುವ ಗೇರು. ನನ್ನ ಮಟ್ಟಿಗೆ ಇದೇ ಮುಖ್ಯ, ಯಾಕೆಂದರೆ ಶಕ್ತಿ ಹೆಚ್ಚಿಸಿದ ಎಂಜಿನ್‌ಗಳಲ್ಲಿ ಮುರಿಯುವುದು ಇದೇ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಪಂಪನ್ನು ತಿರುಗಿಸುತ್ತಿದ್ದದ್ದು ಕ್ಯಾಮ್ ದಂಡ, ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಮಾರುತಿ ಜಿಪ್ಸಿ, ಎಸ್ಟೀಮಿನ 1.3 ಲೀಟರ್ ಎಂಜಿನ್‌ನಲ್ಲಿ ಪಂಪ್ ಕ್ರ್ಯಾಂಕಿನ ಮೂತಿಯ ಮೇಲೆಯೇ ಕುಳಿತಿರುತ್ತದೆ. ಹೀಗೆ ಕುಳಿತ ಪಂಪಿಗೆ ಕ್ರ್ಯಾಂಕಿನ ಪ್ರತಿ ತಿರುಚು ನಡುಕವೂ ನೇರವಾಗಿ ತಟ್ಟುತ್ತದೆ. ಲೋಹದ ಪುಡಿಯನ್ನು ಒತ್ತಿ ಬೇಯಿಸಿದ ಗೇರು ಮಾಮೂಲು ಓಟಕ್ಕೆ ಬಾಳುತ್ತದೆ. ಎಂಜಿನ್ನಿನ ವೇಗ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರಿಗೆ ಪದೇ ಪದೇ ಬಡಿದರೆ ಬಿರಿಯುತ್ತದೆ. ನಿಸ್ಸಾನ್‌ನ ಆರ್‌ಬಿ26 ಎಂಜಿನ್‌ನ ಮೊದಲ ಮಾದರಿಗಳಲ್ಲಿ ಕ್ರ್ಯಾಂಕ್ ಪಂಪನ್ನು ಹಿಡಿಯುವ ಭಾಗ ಕಿರಿದಾಗಿತ್ತು; ಶಕ್ತಿ ಹೆಚ್ಚಿಸಿದವರ ಪಂಪ್ ಗೇರುಗಳು ಒಡೆದು ಎಂಜಿನ್‌ಗಳೇ ಹೋದವು. ರಬ್ಬರ್ ಪದರವಿರುವ ಕ್ರ್ಯಾಂಕ್ ಪುಲಿಯನ್ನು ತೆಗೆದು ಹಗುರವಾದ ಅಲ್ಯೂಮಿನಿಯಂ ಪುಲಿ ಹಾಕುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ: ಆ ರಬ್ಬರ್ ಇರುವುದೇ ಈ ನಡುಕವನ್ನು ನುಂಗಲು.

ಆದ್ದರಿಂದ ಮೊದಲು ಹೇಳಿದ ಬದಲಾವಣೆಗಳು ಇಲ್ಲದಿದ್ದರೆ ಹರಿವು ಮೂಲದ್ದೇ ಇರಲಿ, ಗೇರು ಮಾತ್ರ ಗಟ್ಟಿ ಉಕ್ಕಿನದಿರಲಿ. ಕೊರೆದು ಮಾಡಿದ ಉಕ್ಕಿನ ಗೇರು ಸಿದ್ಧವಾಗಿ ಸಿಗದಿದ್ದರೆ ತಂತಿಯ ಕಿಡಿಯಿಂದ ಲೋಹ ಕತ್ತರಿಸುವ ಭೋಸರಿಯ ವೈರ್‌ಕಟ್ ಯಂತ್ರಗಳಲ್ಲಿ ಇಎನ್24 ಎಂಬ ಗಟ್ಟಿ ಉಕ್ಕಿನಿಂದ ಕತ್ತರಿಸಿಕೊಳ್ಳಬಹುದು. ಆದರೆ ಕಾಯಿಸಿ ಹದಗೊಳಿಸುವಾಗ ಉಕ್ಕು ಸೊಟ್ಟಗಾಗುತ್ತದೆ. ಹದವಾದ ಮೇಲೆ ಮುಖವನ್ನು ಮತ್ತೆ ಉಜ್ಜಿ ಸಮ ಮಾಡಿಸಿ, ಅಂಚಿನ ಮುಳ್ಳುಗಳನ್ನು ತೆಗೆಯಬೇಕು.

ನಾನಾ ಪೇಟೆಯ ಅಂಗಡಿಯಲ್ಲಿ ಹೊಸ ಪಂಪ್ ಕೊಂಡರೂ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಕೂಡಿಸಬೇಡಿ. ಮುಚ್ಚಳ ಬಿಚ್ಚಿ, ಗೇರಿನ ಮೇಲೆ ನೇರವಾದ ಪಟ್ಟಿ ಇಟ್ಟು ಸಂದು ಅಳೆಯುವ ತೆಳು ತಗಡಾದ ಫೀಲರ್ ಗೇಜ್ ತೂರಿಸಿ. ಎಂಜಿನ್ ಕೈಪಿಡಿ ಹೇಳುವ ಅಂತರಕ್ಕೆ ತಾಳೆಯಾಗದಿದ್ದರೆ ಅಂಗಡಿಗೇ ಹಿಂದಿರುಗಿಸಿ.

ಪಂಪ್ ಎಷ್ಟು ಚೆನ್ನಾಗಿದ್ದರೂ ಅದರ ಬಾಯಿಗೆ ಗಾಳಿ ಸಿಕ್ಕರೆ ಮುಗಿಯಿತು. ಹೀರುವ ಜಾಲರಿ ಸಂಪಿನ ತಳದಿಂದ 6ರಿಂದ 10 ಮಿಲಿಮೀಟರ್ ಎತ್ತರದಲ್ಲಿರಲಿ. ಸಂಪ್ ಬದಲಿಸಿದ್ದರೆ ಜೇಡಿಮಣ್ಣಿನ ಉಂಡೆ ಇಟ್ಟು ಒತ್ತಿ ಅಳೆಯಿರಿ. ಕಾತ್ರಜ್ ಘಾಟಿನ ತಿರುವುಗಳಲ್ಲೇ ಎಣ್ಣೆ ಒಂದು ಬದಿಗೆ ಸರಿಯುತ್ತದೆ ಎಂದಮೇಲೆ ರೇಸಿನ ಪಥದ ಮಾತು ಕೇಳಬೇಕೇ? ಸಂಪಿನೊಳಗೆ ತಡೆಗೋಡೆಗಳನ್ನು ಬೆಸೆಯುವ ಖರ್ಚು ದೊಡ್ಡ ಪಂಪಿನ ಖರ್ಚಿಗಿಂತ ಕಡಿಮೆ, ಉಪಯೋಗ ಹೆಚ್ಚು. ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಡುವ ಡ್ರೈ ಸಂಪ್ ವ್ಯವಸ್ಥೆ ರೇಸಿಗೆ ಶ್ರೇಷ್ಠ, ಆದರೆ ಅದರ ಖರ್ಚು ನಮ್ಮ ಹುಡುಗರ ಅಳವಿಗೆ ಮೀರಿದ್ದು. ಅಂದ ಹಾಗೆ, ನೋಂದಣಿ ಪತ್ರದ ವಿವರಕ್ಕೆ ಒಪ್ಪದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ನಾನು ಹೇಳುತ್ತಿರುವುದು ರೇಸಿನ ಪಥಕ್ಕೆ ಮೀಸಲಾದ ಕಾರುಗಳ ವಿಷಯ.

ಕೂಡಿಸುವ ದಿನ ಪಂಪಿನ ಒಳಗೆ ಎಣ್ಣೆ ತುಂಬಿ ಕೈಯಿಂದ ತಿರುಗಿಸಿ. ಒಣ ಪಂಪ್ ಎಣ್ಣೆ ಹೀರಲು ತಡಮಾಡುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಇಂಧನ ನಿಲ್ಲಿಸಿ, ಗೇಜ್‌ನ ಮುಳ್ಳು ಮೇಲೇಳುವವರೆಗೆ ಸ್ಟಾರ್ಟರ್‌ನಿಂದ ಬಿಟ್ಟು ಬಿಟ್ಟು ತಿರುಗಿಸಿ. ಮುಳ್ಳು ಏಳದಿದ್ದರೆ ಎಂಜಿನ್ ಚಾಲೂ ಮಾಡಬೇಡಿ, ಜಾಲರಿಯ ಕೊಳವೆಯ ಸೀಲ್ ಪರೀಕ್ಷಿಸಿ. ಎಂಜಿನ್ ಮೊದಲ ಬಾರಿ ಚೆನ್ನಾಗಿ ಬಿಸಿಯಾಗಿ ಓಡಿದ ಮೇಲೆ ಫಿಲ್ಟರ್ ಬಿಚ್ಚಿ, ಡಬ್ಬಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬೆಳಕಿನಲ್ಲಿ ಹರಡಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಪುಡಿ ಹೆಚ್ಚಾಗಿದ್ದರೆ ಪಂಪ್ ಬಿಚ್ಚಿ ಗೇರು ನೋಡಿ. ಅಂಟದ ಹೊಳಪಿನ ಚೂರುಗಳಿದ್ದರೆ ಬೇರಿಂಗಿನ ಕಡೆ ಗಮನ ಕೊಡಿ. ನಮಸ್ಕಾರ.